ಹದಿನಾರು ರನ್‌ಗಳ ಲೆಕ್ಕ: 1987ರ ಬೆಂಗಳೂರು ಟೆಸ್ಟ್

ಎಲ್ಲರಿಗೂ ನಮಸ್ಕಾರ. ಭಾನುವಾರದ ನಿದ್ದೆ ಬಿಟ್ಟು ಬಂದಿದ್ದೀರಿ, ಹಾಗಾಗಿ ಪೀಠಿಕೆ ಹಾಕದೆ ನೇರ ವಿಷಯಕ್ಕೆ ಬರುತ್ತೇನೆ.

ಇವತ್ತು ಮಾತಾಡೋದು ಒಂದೇ ಒಂದು ಪಂದ್ಯದ ಬಗ್ಗೆ. 1987ರ ಮಾರ್ಚ್ 13ರಿಂದ 17ರವರೆಗೆ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಭಾರತ-ಪಾಕಿಸ್ತಾನ ಟೆಸ್ಟ್. ಪಾಕಿಸ್ತಾನ 16 ರನ್‌ಗಳಿಂದ ಗೆದ್ದಿತು. ಆಗ ನೋಡಿದವರನ್ನು ಯಾರನ್ನೇ ಕೇಳಿ, ಮೊದಲು ಬರೋ ಮಾತು "ಗವಾಸ್ಕರ್ 96", ಅಂದರೆ ಕೊನೆಯ ಇನಿಂಗ್ಸ್‌ನಲ್ಲಿ ಅವರು ಹೊಡೆದ 96 ರನ್. ಅದರ ಹಿಂದೆಯೇ ಬರೋದು, "ಛೆ, ಇನ್ನೊಂದು ಅರ್ಧ ಗಂಟೆ ನಿಂತಿದ್ದರೆ ಗೆದ್ದುಬಿಡ್ತಿದ್ವಿ". ನನ್ನ ತಕರಾರು ಈ ಎರಡನೇ ಮಾತಿನ ಮೇಲೆ. ಗವಾಸ್ಕರ್ ಔಟಾಗುವುದಕ್ಕೆ ಮೂರು ದಿನ ಮೊದಲೇ, ಮಾರ್ಚ್ 14ರ ಶನಿವಾರವೇ, ಈ ಪಂದ್ಯ ನಮ್ಮ ಕೈಯಿಂದ ಜಾರಲು ಶುರುವಾಗಿತ್ತು. ಅದು ಹೇಗೆ ಅಂತ ಹೇಳ್ತೀನಿ. ಒಪ್ಪದಿದ್ದರೆ ಕೊನೆಯಲ್ಲಿ ಜಗಳ ಆಡೋಣ.

ಮೊದಲು ಆ ಹೊತ್ತಿನ ಹವಾ ಹೇಗಿತ್ತು ಅಂತ ನೋಡೋಣ. ಆ ವರ್ಷದ ಜನವರಿಯಲ್ಲಿ ಗಡಿಯ ಎರಡೂ ಕಡೆ ಸೈನ್ಯ ಜಮಾಯಿಸಿತ್ತು. ಫೆಬ್ರವರಿಯಲ್ಲಿ ಪಾಕಿಸ್ತಾನದ ಅಧ್ಯಕ್ಷ ಜಿಯಾ ಉಲ್ ಹಕ್ ಕ್ರಿಕೆಟ್ ನೋಡುವ ನೆಪದಲ್ಲಿ ಜೈಪುರಕ್ಕೆ ಬಂದಿಳಿದರು. ಜೈಪುರದ ಆ ಟೆಸ್ಟ್‌ನ ಮೊದಲ ಚೆಂಡಿಗೇ ಗವಾಸ್ಕರ್ ಔಟ್, ಅದೂ ಇಮ್ರಾನ್ ಖಾನ್ ಕೈಯಲ್ಲಿ. ಹೊರಗೆ ಇಷ್ಟೆಲ್ಲ ಬಿಸಿ ಇದ್ದರೂ ಮೈದಾನದಲ್ಲಿ ಮಾತ್ರ ನಿದ್ದೆ ಬರುವಂಥ ಆಟ. ಮದ್ರಾಸ್, ಕಲ್ಕತ್ತಾ, ಜೈಪುರ, ಅಹಮದಾಬಾದ್, ನಾಲ್ಕೂ ಡ್ರಾ. ಸೋಲದಿದ್ದರೆ ಸಾಕು ಅಂತ ಎರಡೂ ತಂಡದವರು ಆಡಿದರು. ಅಹಮದಾಬಾದಿನಲ್ಲಿ ನೆನಪಿಟ್ಟುಕೊಳ್ಳಬೇಕಾದದ್ದು ಒಂದೇ, ಗವಾಸ್ಕರ್ ಟೆಸ್ಟ್‌ನಲ್ಲಿ 10,000 ರನ್ ದಾಟಿದ ಮೊದಲ ಬ್ಯಾಟ್ಸ್‌ಮನ್ ಆದರು. ಅದಾಗಿ ವಾರ ಕಳೆಯುವುದರೊಳಗೆ ತಂಡಗಳು ಬೆಂಗಳೂರಿನಲ್ಲಿದ್ದವು.

ಇಲ್ಲಿನ ಪಿಚ್ ಮಾತ್ರ ಹಿಂದಿನ ನಾಲ್ಕರ ಹಾಗಿರಲಿಲ್ಲ. ಮೊದಲ ದಿನವೇ ಚೆಂಡು ತಿರುಗಿತು, ಎಗರಿತು, ಕೆಲವೊಮ್ಮೆ ನೆಲ ಹಿಡಿದು ಹೋಯಿತು. ಇಮ್ರಾನ್ ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡರು. ಪಾಕಿಸ್ತಾನ 116ಕ್ಕೆ ಆಲೌಟ್. ಎಡಗೈ ಸ್ಪಿನ್ನರ್ ಮಣಿಂದರ್ ಸಿಂಗ್ 27 ರನ್ ಕೊಟ್ಟು 7 ವಿಕೆಟ್ ಕಿತ್ತರು. ಸಂಜೆ ಆಟ ಮುಗಿದಾಗ ಭಾರತ 2 ವಿಕೆಟ್‌ಗೆ 68. ಆ ರಾತ್ರಿ ಬೆಂಗಳೂರಿನಲ್ಲಿ ಎಷ್ಟು ಜನ ಪಂದ್ಯ ಗೆದ್ದೇಬಿಟ್ಟೆವು ಅಂದುಕೊಂಡು ಮಲಗಿರಬಹುದು, ನೀವೇ ಊಹಿಸಿ.

ಈಗ ಶನಿವಾರಕ್ಕೆ ಬರೋಣ.

ಪಾಕಿಸ್ತಾನದ ತಂಡದಲ್ಲಿ ಅವತ್ತು ಅಬ್ದುಲ್ ಖಾದಿರ್ ಇರಲಿಲ್ಲ. ಆಗಿನ ಕಾಲದ ಅತಿ ದೊಡ್ಡ ಲೆಗ್ ಸ್ಪಿನ್ನರ್, ಇಮ್ರಾನ್‌ಗೆ ಬಹಳ ಬೇಕಾದವರು. ಅವರನ್ನು ಹೊರಗೆ ಕೂರಿಸಿ ಇಕ್ಬಾಲ್ ಖಾಸಿಂ ಅವರನ್ನು ಆಡಿಸಿದರು. ಜಾವೇದ್ ಮಿಯಾಂದಾದ್ ಹಟ ಹಿಡಿದು ಇದನ್ನು ಮಾಡಿಸಿದರು ಅಂತಾರೆ. ಖಾಸಿಂ ಎಡಗೈ ಸ್ಪಿನ್ನರ್. ಗಾಳಿಯಲ್ಲಿ ಆಟ ಆಡಿಸುವ ಬೌಲರ್ ಅಲ್ಲ, ನೋಡೋಕೆ ಚೆಂದ ಇರೋ ಬೌಲರೂ ಅಲ್ಲ. ಇನ್ನೊಂದು ತುದಿಯಲ್ಲಿ ಆಫ್ ಸ್ಪಿನ್ನರ್ ತೌಸೀಫ್ ಅಹ್ಮದ್. ಇಬ್ಬರೂ ಸೇರಿ ಭಾರತವನ್ನು 145ಕ್ಕೆ ಮುಗಿಸಿದರು. ಐದು ಖಾಸಿಂಗೆ, ಐದು ತೌಸೀಫ್‌ಗೆ. ವೆಂಗ್‌ಸರ್ಕಾರ್ 50 ಹೊಡೆದರು, ಉಳಿದವರ ಬಗ್ಗೆ ಹೇಳೋದಕ್ಕೇನಿಲ್ಲ. 116ರ ಎದುರು ಸಿಕ್ಕ ಮುನ್ನಡೆ 29 ರನ್. ಎಂಟು ವಿಕೆಟ್ ಕೈಯಲ್ಲಿಟ್ಟುಕೊಂಡು ಶನಿವಾರ ಆಟ ಶುರು ಮಾಡಿದವರು ಸೇರಿಸಿದ್ದು 77 ರನ್ ಅಷ್ಟೇ. ಅವತ್ತು ಇನ್ನೊಂದು 50 ರನ್ ಬಂದಿದ್ದರೆ ಮಾರ್ಚ್ 17ರ ಮಧ್ಯಾಹ್ನ ಯಾರೂ ಉಗುರು ಕಚ್ಚುತ್ತಾ ಕೂರಬೇಕಾಗಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ನನಗೆ ಈ ಪಂದ್ಯದಲ್ಲಿ ಜಾಸ್ತಿ ಇಷ್ಟವಾದ ವಿಷಯ ಇರೋದೇ ಇಲ್ಲಿ.

ತಿರುಗುವ ಪಿಚ್ ಸಿಕ್ಕರೆ ಸ್ಪಿನ್ನರ್‌ಗೆ ಹಬ್ಬ ಅಂತ ನಾವು ಸುಮ್ನೆ ಹೇಳಿಬಿಡ್ತೀವಿ. ಹಬ್ಬ ಹೌದು, ಆದರೆ ಅಪಾಯವೂ ಇದೆ. ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು. ಮಧ್ಯಕ್ಕೆ ತಾಗಬೇಕಾದ ಚೆಂಡು ಅಂಚಿಗೆ ತಾಗಬೇಕಾದರೆ ಎರಡು ಇಂಚು ಆಚೆ ಹೋದರೆ ಸಾಕು. ಆರು ಇಂಚು ತಿರುಗಿದರೆ? ಬ್ಯಾಟ್ಸ್‌ಮನ್ ಬೆಪ್ಪಾಗ್ತಾನೆ, ಕೀಪರ್ ಕೈ ತಲೆ ಮೇಲಿಡ್ತಾನೆ, ಸ್ಟೇಡಿಯಂ ಪೂರ್ತಿ "ಓ..." ಅನ್ನುತ್ತೆ. ವಿಕೆಟ್ ಮಾತ್ರ ಬೀಳಲ್ಲ. ಎರಡನೇ ಇನಿಂಗ್ಸ್‌ನಲ್ಲಿ ಮಣಿಂದರ್‌ಗೆ ಆದದ್ದು ಹೆಚ್ಚುಕಡಿಮೆ ಇದೇ. ಚೆಂಡು ಭಯಂಕರವಾಗಿ ತಿರುಗಿತು. ಸಿಕ್ಕಿದ್ದು 3 ವಿಕೆಟ್, ಕೊಟ್ಟಿದ್ದು 99 ರನ್. ಖಾಸಿಂ ಮತ್ತು ತೌಸೀಫ್ ಆ ಆಸೆಗೆ ಬೀಳಲಿಲ್ಲ. ಸ್ವಲ್ಪ ವೇಗವಾಗಿ, ಸ್ಟಂಪ್ ನೇರಕ್ಕೆ, ಅದೇ ಜಾಗಕ್ಕೆ ಹಾಕುತ್ತಾ ಹೋದರು. ಉಳಿದದ್ದನ್ನು ಪಿಚ್ ನೋಡಿಕೊಂಡಿತು. ಒಂದು ಚೆಂಡು ತಿರುಗುತ್ತೆ, ಇನ್ನೊಂದು ನೇರ ಹೋಗುತ್ತೆ. ಯಾವುದು ಹೇಗೆ ಅಂತ ಬೌಲರ್‌ಗೇ ಗೊತ್ತಿಲ್ಲ, ಇನ್ನು ಬ್ಯಾಟ್ಸ್‌ಮನ್‌ಗೆ ಎಲ್ಲಿ ಗೊತ್ತಾಗಬೇಕು?

ಇದಕ್ಕೊಂದು ಕಥೆ ಅಂಟಿಕೊಂಡಿದೆ. ಪಂದ್ಯದ ನಡುವೆ ಒಂದು ಸಂಜೆ ನಮ್ಮವರೇ ಆದ ಹಳೆಯ ಎಡಗೈ ಸ್ಪಿನ್ನರ್ ಬಿಷನ್ ಸಿಂಗ್ ಬೇಡಿ, ಪಾಕಿಸ್ತಾನದ ಸ್ಪಿನ್ನರ್‌ಗಳ ಜೊತೆ ಮಾತಾಡುತ್ತಾ, ಇಂಥ ಪಿಚ್‌ನಲ್ಲಿ ಜಾಸ್ತಿ ತಿರುಗಿಸೋಕೆ ಹೋಗಬೇಡಿ ಅಂದರಂತೆ. ಕ್ರಿಕೆಟ್ ವಲಯದಲ್ಲಿ ಬಹಳ ವರ್ಷದಿಂದ ಓಡಾಡುವ ಕಥೆ ಇದು. ಕೆಲವರಿಗೆ ಇದನ್ನು ಕೇಳಿದರೆ ಈಗಲೂ ಸಿಟ್ಟು ಬರುತ್ತೆ. ನನಗೆ ಬರಲ್ಲ. ಸ್ಪಿನ್ ಬಗ್ಗೆ ಯಾರಾದರೂ ಕೇಳಿದರೆ ಬೇಡಿ ಬಾಯಿ ಮುಚ್ಚಿಕೊಂಡು ಕೂರುವ ಜಾತಿಯವರೇ ಅಲ್ಲ. ಅಲ್ಲದೆ, ಐದೈದು ವಿಕೆಟ್ ತಗೊಳ್ಳೋದಕ್ಕೆ ಬರೀ ಉಪದೇಶ ಸಾಲದು.

ಮುಂದೆ ಹೋಗೋಣ. ಪಾಕಿಸ್ತಾನದ ಎರಡನೇ ಇನಿಂಗ್ಸ್ 249. ರಮೀಜ್ ರಾಜಾ 47, ಇಮ್ರಾನ್ 39. ಆದರೆ ನನ್ನ ಪ್ರಕಾರ ಲೆಕ್ಕಕ್ಕೆ ಬರೋದು ವಿಕೆಟ್ ಕೀಪರ್ ಸಲೀಂ ಯೂಸುಫ್ ಅವರ ಔಟಾಗದ 41. ಎಂಟು ವಿಕೆಟ್ ಬಿದ್ದ ಮೇಲೆ ತೌಸೀಫ್ ಜೊತೆ ಸೇರಿ ಅವರು ಅರ್ಧಶತಕದ ಜೊತೆಯಾಟ ಕಟ್ಟಿದರು. ತೌಸೀಫ್ ಹೊಡೆದದ್ದು ಹತ್ತೋ ಏನೋ, ಆದರೆ ನಿಂತರು. ಈ ಜೊತೆಯಾಟದ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡೋದೇ ಇಲ್ಲ. ಪಂದ್ಯದ ಅಂತರ 16 ರನ್ ಅಂತ ನೆನಪಿಟ್ಟುಕೊಂಡು ಈ ಜೊತೆಯಾಟ ನೋಡಿ, ಆಮೇಲೆ ಗವಾಸ್ಕರ್ ಅವರನ್ನು ಬಯ್ಯಿ.

ಗೆಲ್ಲೋದಕ್ಕೆ 221 ಬೇಕು. ಶುರುವಿನಲ್ಲೇ ವಾಸಿಂ ಅಕ್ರಂ 15 ರನ್ ಆಗುವಷ್ಟರಲ್ಲಿ ಶ್ರೀಕಾಂತ್ ಮತ್ತು ಮೊಹಿಂದರ್ ಅಮರನಾಥ್ ಇಬ್ಬರನ್ನೂ ಕಳಿಸಿದರು. ಮೂರನೇ ದಿನದ ಕೊನೆಗೆ 4 ವಿಕೆಟ್‌ಗೆ 99. ಗವಾಸ್ಕರ್ ಅರ್ಧಶತಕ ದಾಟಿ ನಿಂತಿದ್ದರು. ಮಾರನೇ ದಿನ ವಿರಾಮ. ಆಗ ಟೆಸ್ಟ್ ನಡುವೆ ಒಂದು ದಿನ ರಜೆ ಇರುತ್ತಿತ್ತು, ಇಲ್ಲಿರೋ ಹುಡುಗರಿಗೆ ಇದು ಹೊಸ ವಿಷಯ ಇರಬಹುದು. ಹೋಳಿ ಬೇರೆ ಬಂದಿತ್ತು. ಎರಡೂ ತಂಡದವರು ಹೋಟೆಲಿನಲ್ಲಿ ಒಬ್ಬರಿಗೊಬ್ಬರು ಬಣ್ಣ ಎರಚಾಡಿದರು. ಎರಡು ತಿಂಗಳ ಹಿಂದೆ ಯುದ್ಧ ಆಗಿಬಿಡುತ್ತೇನೋ ಅನ್ನುವ ಮಾತಿತ್ತು ಅನ್ನೋದು ನೆನಪಿರಲಿ.

ಈಗ ಆ 96. ಆದರೆ ಅದಕ್ಕೆ ಮೊದಲು ಐದು ವರ್ಷ ಹಿಂದೆ, ಇದೇ ಮೈದಾನಕ್ಕೆ ಹೋಗಿಬರಬೇಕು.

1981-82ರ ರಣಜಿ ಸೆಮಿಫೈನಲ್, ಕರ್ನಾಟಕಕ್ಕೆ ಎದುರು ಬಾಂಬೆ. ನಮ್ಮ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಮೊದಲ ಇನಿಂಗ್ಸ್‌ನಲ್ಲಿ ಹ್ಯಾಟ್ರಿಕ್ ಸೇರಿ 8 ವಿಕೆಟ್ ತೆಗೆದಿದ್ದರು. ಎರಡನೇ ಇನಿಂಗ್ಸ್ ಹೊತ್ತಿಗೆ ಪಿಚ್ ಕೆಟ್ಟುಹೋಗಿತ್ತು. ಗವಾಸ್ಕರ್ ಬಂದವರೇ ಭಟ್ ಎದುರು ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತರು! ತಮಾಷೆಗಲ್ಲ. ಬಲಗೈಯವರಿಗೆ ಭಟ್ ಅವರ ಚೆಂಡು ಹೊರಕ್ಕೆ ತಿರುಗಿ ಅಂಚು ಸವರಿಕೊಂಡು ಹೋಗುತ್ತೆ. ಎಡಗೈಯವರಿಗೆ ಅದೇ ಚೆಂಡು ಒಳಕ್ಕೆ ಬರುತ್ತೆ, ಪ್ಯಾಡ್ ಅಡ್ಡ ಇಡಬಹುದು. 18 ರನ್ ಮಾಡಿ ಔಟಾಗದೆ ಉಳಿದರು. ಪಂದ್ಯ ಉಳಿಯಿತು. ಆದರೂ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಫೈನಲ್‌ಗೆ ಹೋದದ್ದು ನಾವೇ. ಆ ಫೈನಲ್‌ನಲ್ಲಿ ದೆಹಲಿ ಎದುರು 705 ರನ್ ಹೊಡೆದೂ ಸೋತೆವು. ಅದು ಇನ್ನೊಂದು ಹೊಟ್ಟೆಯುರಿ, ಬಿಡಿ.

ಅಂದರೆ ಚಿನ್ನಸ್ವಾಮಿಯ ತಿರುಗುವ ಪಿಚ್, ಎಡಗೈ ಸ್ಪಿನ್ನರ್, ಈ ಎರಡರ ಲೆಕ್ಕ ಗವಾಸ್ಕರ್ ಮೊದಲೇ ಹಾಕಿದವರು. 1987ರಲ್ಲಿ ಅವರು ಬಲಗೈಯಲ್ಲೇ ಆಡಿದರು. ಹೇಗೆ ಆಡಿದರು ಅನ್ನೋದನ್ನು ಒಂದು ಚೆಂಡಿನ ಲೆಕ್ಕದಲ್ಲಿ ಹೇಳ್ತೀನಿ.

ಖಾಸಿಂ ಓಡಿ ಬಂದು ಹಾಕ್ತಾರೆ. ಚೆಂಡು ಮಿಡ್ಲ್ ಸ್ಟಂಪ್ ನೇರಕ್ಕೆ ಬೀಳುತ್ತೆ. ಸಿಲ್ಲಿ ಪಾಯಿಂಟ್‌ನಲ್ಲಿ ಒಬ್ಬ, ಶಾರ್ಟ್ ಲೆಗ್‌ನಲ್ಲಿ ಒಬ್ಬ, ಉಸಿರು ತಾಗುವಷ್ಟು ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾರೆ. ನಮ್ಮ ನಿಮ್ಮಂಥವರು ಏನು ಮಾಡ್ತೀವಿ? ಚೆಂಡು ತಿರುಗಿದ ಕಡೆಗೆ ಬ್ಯಾಟ್ ಹಿಂದೆ ಓಡಿಸ್ತೀವಿ. ಎಡ್ಜ್, ಕ್ಯಾಚ್, ಪೆವಿಲಿಯನ್. ಗವಾಸ್ಕರ್ ಓಡಿಸಲ್ಲ. ಚೆಂಡು ಬಂದ ಗೆರೆಯಲ್ಲೇ ಬ್ಯಾಟ್ ಇಡ್ತಾರೆ. ಅದು ತಿರುಗಿ ಬ್ಯಾಟ್ ದಾಟಿ ಹೋದರೆ ಹೋಗಲಿ, ಅದಕ್ಕೆ ನಾಚಿಕೆ ಇಲ್ಲ. ತಿರುಗದೆ ಬಂದರೆ ಬ್ಯಾಟ್ ಅಲ್ಲಿದೆ. ಇನ್ನೊಂದು, ಹಿಡಿತ. ಕೆಳಗಿನ ಕೈ ಬ್ಯಾಟನ್ನು ಸುಮ್ನೆ ಮುಟ್ಟಿಕೊಂಡಿರುತ್ತೆ, ಹಿಂಡಲ್ಲ. ಚೆಂಡು ಎಗರಿ ಬ್ಯಾಟಿಗೆ ಬಡಿದರೂ ಜೀವ ಕಳೆದುಕೊಂಡು ಕಾಲ ಬುಡದಲ್ಲೇ ಬೀಳುತ್ತೆ, ಸಿಲ್ಲಿ ಪಾಯಿಂಟ್‌ನವನ ಕೈಗೆ ಎಟುಕಲ್ಲ. ಶಾರ್ಟ್ ಬಿದ್ದರೆ ಹಿಂದಕ್ಕೆ ಸರಿದು, ಪೂರ್ತಿ ತಿರುಗಿ ಮುಗಿದ ಮೇಲೆ ಆಡ್ತಾರೆ. ಹೀಗೆ 264 ಚೆಂಡು, ಐದು ಗಂಟೆಗೂ ಜಾಸ್ತಿ.

ಗಮನಿಸಿ, ಖಾಸಿಂ ಮತ್ತು ತೌಸೀಫ್ ಬೌಲಿಂಗ್‌ನಲ್ಲಿ ಮಾಡಿದ್ದನ್ನೇ ಇವರು ಬ್ಯಾಟಿಂಗ್‌ನಲ್ಲಿ ಮಾಡಿದರು. ಮೂವರೂ ಪಿಚ್ ಜೊತೆ ಗುದ್ದಾಟಕ್ಕೆ ಹೋಗಲಿಲ್ಲ. ಉಳಿದವರು ಹೋದರು. ಅಜರುದ್ದೀನ್ 26, ವೆಂಗ್‌ಸರ್ಕಾರ್ 19, ಶಾಸ್ತ್ರಿ 4, ಕಪಿಲ್ 2. ಆ ಇನಿಂಗ್ಸ್‌ನಲ್ಲಿ ಗವಾಸ್ಕರ್ ಬಿಟ್ಟರೆ ಅತಿ ಹೆಚ್ಚು ರನ್ ಯಾರದ್ದು ಗೊತ್ತಾ? ಇತರೆ ರನ್! 28. ಅದರಲ್ಲಿ ಬಹುಪಾಲು ಬೈ, ಅಂದರೆ ಬ್ಯಾಟಿಗೂ ಮೈಗೂ ತಾಗದೆ ಕೀಪರ್ ಕೈ ತಪ್ಪಿ ಹೋದ ಚೆಂಡಿಗೆ ಬಂದ ರನ್. ಚೆಂಡು ಕೀಪರ್‌ಗೂ ಸಿಗದ ಹಾಗೆ ತಿರುಗುತ್ತಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸ್ಕೋರ್ 180 ಇದ್ದಾಗ ಖಾಸಿಂ ಅವರ ಒಂದು ಚೆಂಡು ಎಗರಿತು. ಸ್ಲಿಪ್‌ನಲ್ಲಿ ರಿಜ್ವಾನ್ ಉಜ್ ಜಮಾನ್ ಹಿಡಿದರು. ಗವಾಸ್ಕರ್ ಎಂಟನೆಯವರಾಗಿ ಔಟ್. ಇನ್ನೂ 41 ರನ್ ಬೇಕಿತ್ತು. ಈಗ ಹೇಳಿ, ಆ ಪಿಚ್‌ನಲ್ಲಿ 263 ಚೆಂಡು ತಡೆದವರಿಗೆ 264ನೆಯದನ್ನೂ ತಡೆಯಬೇಕಿತ್ತು ಅನ್ನೋದು ನ್ಯಾಯವೇ? ಅದು ಅವರ ಕೊನೆಯ ಟೆಸ್ಟ್ ಇನಿಂಗ್ಸ್ ಆಯಿತು. 125 ಟೆಸ್ಟ್, 10,122 ರನ್, 34 ಶತಕ. 35ನೆಯದಕ್ಕೆ 4 ಕಡಿಮೆ. ಸೋತ ತಂಡದಲ್ಲಿದ್ದರೂ ಪಂದ್ಯಶ್ರೇಷ್ಠ ಅವರೇ.

ಆದರೆ ಆಟ ಇನ್ನೂ ಮುಗಿದಿರಲಿಲ್ಲ. ಕ್ರೀಸ್‌ನಲ್ಲಿ ನಮ್ಮ ರೋಜರ್ ಬಿನ್ನಿ ಇದ್ದರು. ಬೆಂಗಳೂರಿನ ಹುಡುಗ. 1983ರಲ್ಲಿ ಇದೇ ಪಾಕಿಸ್ತಾನದ ಎದುರು, ಇದೇ ಮೈದಾನದಲ್ಲಿ, 6 ವಿಕೆಟ್‌ಗೆ 85 ಆಗಿದ್ದಾಗ ಮದನ್ ಲಾಲ್ ಜೊತೆ ಸೇರಿ ತಂಡವನ್ನು ಎತ್ತಿದವರು, ಔಟಾಗದೆ 83. ಈ ಸರಣಿಯಲ್ಲೇ ಕಲ್ಕತ್ತಾದಲ್ಲಿ 56ಕ್ಕೆ 6 ವಿಕೆಟ್ ತೆಗೆದಿದ್ದವರು. ಶಿವಲಾಲ್ ಯಾದವ್ 185ಕ್ಕೆ ಹೋದರು. ಕೊನೆಯವರಾಗಿ ಬಂದದ್ದು ಮಣಿಂದರ್. ಪಾಪ, ಆರು ತಿಂಗಳ ಹಿಂದೆ ಮದ್ರಾಸಿನಲ್ಲಿ ಆಸ್ಟ್ರೇಲಿಯಾ ಎದುರಿನ ಟೈ ಆದ ಟೆಸ್ಟ್‌ನಲ್ಲೂ ಕೊನೆಗೆ ಔಟಾದವರು ಇವರೇ. ಇಲ್ಲಿ ಮಾತ್ರ ಮಣಿಂದರ್ ಔಟಾಗಲಿಲ್ಲ. ಇಬ್ಬರೂ ಸೇರಿ 19 ರನ್ ಸೇರಿಸಿದರು. ಸ್ಟೇಡಿಯಂ ಮತ್ತೆ ನಂಬೋಕೆ ಶುರು ಮಾಡಿತ್ತು. ಅಷ್ಟರಲ್ಲಿ ತೌಸೀಫ್ ಚೆಂಡಿಗೆ ಬಿನ್ನಿ ಬ್ಯಾಟ್ ತಾಗಿಸಿದರು, ಹಿಂದೆ ಹಿಡಿದದ್ದು ಅದೇ ಸಲೀಂ ಯೂಸುಫ್. 204. ಖಾಸಿಂಗೆ ಪಂದ್ಯದಲ್ಲಿ 9, ತೌಸೀಫ್‌ಗೂ 9. ಪಾಕಿಸ್ತಾನ ಭಾರತದಲ್ಲಿ ಗೆದ್ದ ಮೊದಲ ಟೆಸ್ಟ್ ಸರಣಿ ಇದು.

ಒಂದು ಮಾತು ಅಂಪೈರಿಂಗ್ ಬಗ್ಗೆ, ಯಾಕಂದರೆ ಯಾರಾದರೂ ಕೇಳೇ ಕೇಳ್ತೀರಿ. ಆಗ ಆತಿಥೇಯ ದೇಶದವರೇ ಅಂಪೈರ್. ಬೆಂಗಳೂರಿನಲ್ಲಿ ನಿಂತಿದ್ದವರಲ್ಲಿ ಒಬ್ಬರು ವಿ.ಕೆ. ರಾಮಸ್ವಾಮಿ. ಅದಕ್ಕೆ ಕೆಲವೇ ತಿಂಗಳ ಮೊದಲು ಪಾಕಿಸ್ತಾನ-ವೆಸ್ಟ್ ಇಂಡೀಸ್ ಸರಣಿಗೆ ತಟಸ್ಥ ಅಂಪೈರ್ ಆಗಿ ಲಾಹೋರ್‌ಗೆ ಕರೆಸಿಕೊಂಡಿದ್ದೂ ಅವರನ್ನೇ! ಸರಣಿಯುದ್ದಕ್ಕೂ ಎರಡೂ ಕಡೆ ಗೊಣಗಾಟ ಇತ್ತು. ಆದರೆ 16 ರನ್‌ಗಳ ಲೆಕ್ಕವನ್ನು ಅಂಪೈರ್ ತಲೆಗೆ ಕಟ್ಟೋದು ನನಗೆ ಸರಿ ಕಾಣಲ್ಲ. ಶನಿವಾರದ ಎಂಟು ವಿಕೆಟ್ ಇದೆ, ಯೂಸುಫ್ ಅವರ 41 ಇದೆ, ಮೊದಲು ಅದನ್ನು ಕೂಡಿ ಕಳೆಯೋಣ.

ಪಾಕಿಸ್ತಾನದ ಎದುರು ಚಿನ್ನಸ್ವಾಮಿಯಲ್ಲಿ ಭಾರತ ಆಡಿದ್ದು ಐದು ಟೆಸ್ಟ್. ಎರಡು ಸೋಲು, ಮೂರು ಡ್ರಾ. ಗೆಲುವು ಒಂದೂ ಇಲ್ಲ. ಐದನೆಯದು 2007ರ ಡಿಸೆಂಬರ್‌ನಲ್ಲಿ, ಗಂಗೂಲಿ 239 ಹೊಡೆದದ್ದು, ಅನಿಲ್ ಕುಂಬ್ಳೆ ನಾಯಕ. ಅದಾದ ಮೇಲೆ ಈ ಎರಡು ದೇಶಗಳು ಟೆಸ್ಟ್ ಆಡಿಯೇ ಇಲ್ಲ.

1987ರ ಸ್ಕೋರ್‌ಕಾರ್ಡ್‌ನ ಝೆರಾಕ್ಸ್ ಪ್ರತಿಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಒಂದೊಂದು ತಗೊಳ್ಳಿ. ಈಗ ಶ್ರೀಕಾಂತ್ ಪರ ವಾದ ಮಾಡೋರು ಯಾರಾದರೂ ಇದ್ದರೆ ಕೈ ಎತ್ತಿ, ಅವರಿಂದಲೇ ಶುರು ಮಾಡೋಣ.