ಮಟ್ಟದ ಮೇಷ್ಟ್ರು

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಹೋದ ಆಷಾಢದಲ್ಲಿ ತೀರಿಕೊಂಡ ಒಬ್ಬ ನಿವೃತ್ತ ಇಂಜಿನಿಯರ್ ಬಗ್ಗೆ ಇವತ್ತು ನಾಲ್ಕು ಮಾತು ಆಡಬೇಕಾಗಿದೆ. ಹೆಸರು ಹೇಳುವುದು ಬೇಡ ಎಂದು ಅವರ ಮನೆಯವರು ಕೇಳಿಕೊಂಡಿದ್ದಾರೆ. ಕೆರೆ ಏರಿಯ ಕಲ್ಲಿನಲ್ಲಿ ಇವರ ಹೆಸರು ಕೆತ್ತಿಸಲು ಹೊರಟವರನ್ನು ಬೈದು ಕಳಿಸಿದ್ದ ಮನುಷ್ಯ ಅವರು. ಹಾಗಾಗಿ ನನಗೂ ಅದೇ ಸರಿ ಎನಿಸಿತು. ನಮ್ಮ ಶಾಲೆಯ ಮಕ್ಕಳು ಅವರನ್ನು ‘ಮಟ್ಟದ ಮೇಷ್ಟ್ರು’ ಎನ್ನುತ್ತಿದ್ದರು. ಸಂಬಳ ತೆಗೆದುಕೊಂಡು ಪಾಠ ಮಾಡಿದವನು ನಾನು, ಬಿರುದು ಹೋದದ್ದು ಅವರಿಗೆ.

ಬಿರುದಿಗೆ ಕಾರಣ ಒಂದು ಪ್ಲಾಸ್ಟಿಕ್ ಪೈಪು. ಗಾರೆ ಕೆಲಸದವರ ಬಳಿ ನೀವೂ ನೋಡಿರುತ್ತೀರಿ: ಬೆರಳು ದಪ್ಪದ, ಒಳಗಿನ ನೀರು ಕಾಣುವ ಪೈಪು. ಎರಡು ತುದಿಯನ್ನು ಇಬ್ಬರು ಎಷ್ಟು ದೂರ ಹಿಡಿದು ನಿಂತರೂ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಸರ್ವಿಸ್ ಪೂರ್ತಿ ಡಂಪಿ ಲೆವೆಲ್ ಎಂಬ, ಮಟ್ಟ ಅಳೆಯುವ ದುರ್ಬೀನಿನಲ್ಲಿ ಕಣ್ಣಿಟ್ಟವರು ನಿವೃತ್ತಿಯ ನಂತರ ಈ 50 ಅಡಿ ಪೈಪನ್ನು ಸುರುಳಿ ಸುತ್ತಿ ಸ್ಕೂಟರಿನ ಕೊಕ್ಕೆಗೆ ನೇತುಹಾಕಿಕೊಂಡು ಓಡಾಡಿದರು. ನೀರು ತುಂಬಿದ ಮೇಲೆ ಪೈಪನ್ನು ಬೆರಳಿನಿಂದ ತಟ್ಟುತ್ತಾ ಬರುತ್ತಿದ್ದರು. ಒಂದು ಗುಳ್ಳೆ ಉಳಿದರೂ ನೀರು ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು.

ನಮ್ಮೂರು ಗೊರೂರು ರಸ್ತೆಯ ಕಡೆಗಿದೆ. ಕೆರೆ ಮೂರು ವರ್ಷ ತುಂಬದೆ ಹೋದಾಗ ಊರವರೆಲ್ಲ ಸೇರಿ ಹೂಳೆತ್ತಿಸೋಣ ಎಂದರು. ಜೆಸಿಬಿಗೆ ಚಂದಾ ಎತ್ತುವ ಮಾತೂ ಆಯಿತು. ಮೇಷ್ಟ್ರು ನನ್ನ ಕಪ್ಪು ಹಲಗೆಯ ಮೇಲೆ ಲೆಕ್ಕ ಬರೆದರು. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ಎಂದರೆ 43,560 ಘನ ಅಡಿ. ನೂರು ಘನ ಅಡಿಯ ಟ್ರಾಕ್ಟರಿಗೆ ಸುಮಾರು 435 ಲೋಡು. ಅದರಿಂದ ಸಿಗುವ ಜಾಗಕ್ಕೆ ಹಿಡಿಯುವ ನೀರು 12 ಲಕ್ಷ 33 ಸಾವಿರ ಲೀಟರ್. ಅಷ್ಟು ಬರೆದು ಸೀಮೆಸುಣ್ಣ ಕೆಳಗಿಟ್ಟು, “ಹೊಟ್ಟೆ ದೊಡ್ಡದು ಮಾಡುತ್ತೀರಿ, ಸರಿ. ಊಟ ಬರುವ ದಾರಿ ನೋಡಿದಿರಾ?” ಎಂದರು.

ಯಾರೂ ನೋಡಿರಲಿಲ್ಲ. ಮರುದಿನ ಭಾನುವಾರ ಇಬ್ಬರು ಹುಡುಗರ ಕೈಗೆ ಪೈಪಿನ ತುದಿ ಕೊಟ್ಟು, ಐವತ್ತೈವತ್ತು ಅಡಿಗೆ ಅಳೆಯುತ್ತಾ ಕೆರೆಗೆ ನೀರು ತರುವ ಕಾಲುವೆಯ ಜಾಡು ಹಿಡಿದು ಗುಡ್ಡದ ಕಡೆಗೆ ನಡೆದರು. ಒಂದು ಕಡೆ ಕಾಲುವೆಯ ಮೇಲೆಯೇ ಶುಂಠಿ ಮಡಿ ಎದ್ದಿತ್ತು. ಅದಕ್ಕಿಂತ ಮೇಲೆ, ರಸ್ತೆಯ ಮೋರಿಯ ಪೈಪು ಕಾಲುವೆಯ ತಳಕ್ಕಿಂತ 14 ಅಂಗುಲ ಎತ್ತರದಲ್ಲಿ ಕೂತಿತ್ತು. ನೀರು ಅಲ್ಲಿಗೆ ಬಂದು ಮೋರಿ ಹತ್ತಲಾರದೆ ಪಕ್ಕದ ಹಳ್ಳಕ್ಕೆ ಜಾರಿ ಹೋಗುತ್ತಿತ್ತು. ಶುಂಠಿಯವರ ಮನೆಗೆ ಮೂರು ಸಲ ಹೋಗಿ ಮೂರು ಸಲವೂ ಕಾಫಿ ಕುಡಿದು ಬಂದರು. ಮೂರನೆಯ ಸಲ ಆ ಯಜಮಾನರೇ ಗುದ್ದಲಿ ಹಿಡಿದು ಹೊರಟರು. ಮೋರಿಯ ಕಥೆ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಅರ್ಜಿ ಹಿಡಿದು ಒಂದೂವರೆ ವರ್ಷ ಕಚೇರಿಗಳಿಗೆ ಅಲೆದರು, ಅದನ್ನು ಇಲ್ಲಿ ಹೇಳುತ್ತಾ ಕೂರುವುದಿಲ್ಲ.

ಸಿಡುಕು ಬಹಳ. ನನ್ನ ಮೇಲೂ ತಿರುಗಿ ಬಿದ್ದಿದ್ದರು. ಒಂದು ವನಮಹೋತ್ಸವಕ್ಕೆ ಮಕ್ಕಳ ಕೈಯಲ್ಲಿ ಸಸಿ ಕೊಟ್ಟು ಏರಿಯ ಉದ್ದಕ್ಕೂ ಸಾಲಾಗಿ ನಿಲ್ಲಿಸಿದ್ದೆ, ಗುಂಡಿಗಳೂ ಸಿದ್ಧ. ಸ್ಕೂಟರ್ ನಿಲ್ಲಿಸಿ ಬಂದವರೇ ಅಷ್ಟೂ ಗುಂಡಿ ಮುಚ್ಚಿಸಿದರು. ಮರ ಒಣಗಿದ ಮೇಲೆ ಬೇರು ಕೊಳೆತು ಏರಿಯೊಳಗೆ ಕೊಳವೆ ಮಾಡಿ ನೀರಿಗೆ ದಾರಿ ಕೊಡುತ್ತದೆ ಎಂಬುದು ಅವರ ವಾದ. ವಾದ ಸರಿಯೇ. ಆದರೆ ಅದನ್ನು ಮಕ್ಕಳ ಮುಂದೆ ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ ಎಂದು ಇವತ್ತಿಗೂ ನನ್ನ ಅಭಿಪ್ರಾಯ. ಎರಡು ತಿಂಗಳು ನಾವು ಮಾತು ಬಿಟ್ಟಿದ್ದೆವು. ಸಸಿಗಳನ್ನು ಶಾಲೆಯ ಬೇಲಿಗುಂಟ ನೆಟ್ಟೆವು. ಬೇಸಿಗೆಯಲ್ಲಿ ಅವಕ್ಕೆ ನೀರು ಹೊತ್ತವರು ಅವರೇ.

ಇಷ್ಟು ಸಣ್ಣ ಕೆರೆಗೆ ಇಷ್ಟೊಂದು ಒದ್ದಾಡುವುದೇಕೆ ಎಂದು ಒಮ್ಮೆ ಕೇಳಿದ್ದೆ. ಆಗ ನಾವು ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಹತ್ತಿರ ಹೇಮಾವತಿ ಜಲಾಶಯದ ಹಿನ್ನೀರಿನ ದಂಡೆಯಲ್ಲಿದ್ದೆವು. ಚರ್ಚು ಅರ್ಧ ಮುಳುಗಿತ್ತು, ಜನ ಫೋಟೊ ತೆಗೆಯುತ್ತಿದ್ದರು. ಡಿಪ್ಲೊಮಾ ಮುಗಿಸಿ ಅವರು ಮೊದಲು ಕೆಲಸಕ್ಕೆ ಸೇರಿದ್ದು ಹೇಮಾವತಿ ಯೋಜನೆಗೆ. 1979ರಲ್ಲಿ ಗೊರೂರಿನ ಅಣೆಕಟ್ಟೆ ಮುಗಿಯುವ ಮೊದಲು ಊರೂರು ಸುತ್ತಿ ಮುಳುಗಡೆಯ ಗೆರೆಗೆ ಗೂಟ ಹೊಡೆಯುವುದು ಅವರ ಕೆಲಸ: ಸಮುದ್ರಮಟ್ಟದಿಂದ 2,922 ಅಡಿ. ಒಂದು ಮನೆಯಲ್ಲಿ ಆ ಗೆರೆ ಕೊಟ್ಟಿಗೆಗೂ ಜಗುಲಿಗೂ ನಡುವೆ ಹಾದುಹೋಯಿತಂತೆ. ಕೊಟ್ಟಿಗೆ ನೀರಿಗೆ, ಜಗುಲಿ ದಡಕ್ಕೆ. ಆ ಮನೆಯ ಅಜ್ಜಿ ಮಜ್ಜಿಗೆ ತಂದುಕೊಟ್ಟು, “ನಿನ್ನ ಗೂಟ ನೋಡಿ ನೀರು ನಿಲ್ಲುತ್ತದೇನಪ್ಪಾ?” ಎಂದು ಕೇಳಿದರಂತೆ. “ನಿಲ್ಲುತ್ತದೆ ಅಜ್ಜಿ ಎಂದೆ. ನಿಂತಿತು ಕೂಡ. ಲೆಕ್ಕ ತಪ್ಪಲಿಲ್ಲ” ಎಂದು ಹೇಳಿ ಸುಮ್ಮನಾದರು. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯ, ಎಷ್ಟೋ ಹೊಲಗಳಿಗೆ ಅದೇ ಜೀವ. ಅದನ್ನು ಅವರು ಒಂದು ದಿನವೂ ಹಳಿದದ್ದಿಲ್ಲ. ಆದರೆ ಆ ಚರ್ಚಿನ ಫೋಟೊ ತೆಗೆದದ್ದೂ ಇಲ್ಲ.

ಈ ವರ್ಷ ಮುಂಗಾರಿಗೆ ಮೊದಲು ಕಾಲುವೆಯ ಅಳತೆಗೆ ನಾವೇ ಹೋದೆವು. ಅವರ ಮಗಳು ಪೈಪನ್ನು ಶಾಲೆಗೆ ಕೊಟ್ಟಿದ್ದಾರೆ. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಏಳನೆಯ ತರಗತಿಯ ಹುಡುಗಿ. ಮೋರಿಯ ಹತ್ತಿರ ನಾನು ಅಳತೆ ಓದಿ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಕೂಗಿದಳು: “ಬರೆಯಬೇಡಿ ಸಾರ್, ಗುಳ್ಳೆ ಇದೆ!”

ನಮಸ್ಕಾರ.