ಒಂದು ಚಮಚ, ಅರ್ಧ ಕಿಲೋ

ಕೇಳುಗರಿಗೆ ನಮಸ್ಕಾರ.

ಟೀಗೆ ಹಾಕುವ ಒಂದು ಚಮಚ ಸಕ್ಕರೆ ನೆನಪಿಸಿಕೊಳ್ಳಿ. ತುಂಬಿಸಿ ಹಾಕಿದರೆ ಹೆಚ್ಚು ಕಡಿಮೆ ಐದು ಗ್ರಾಂ. ಅದರ ಪಕ್ಕದಲ್ಲಿ ಅರ್ಧ ಕಿಲೋ ಸಕ್ಕರೆ ಪೊಟ್ಟಣ ಇಡಿ. ಎರಡೂ ಒಂದೇ ತೂಕ ಅಂತ ಅಂಗಡಿಯವನು ಹೇಳಿದರೆ ನೀವು ಸುಮ್ನೆ ಬಿಡ್ತೀರಾ? 1986ರಲ್ಲಿ ಅಮೆರಿಕದ ಸಂಸತ್ತು ಹಾಗೇ ತೂಗಿತು. ಆ ತಕ್ಕಡಿ 24 ವರ್ಷ ಹಾಗೇ ನಡೆಯಿತು.

ತೂಗಿದ್ದು ಸಕ್ಕರೆಯನ್ನಲ್ಲ, ಕೊಕೇನ್ ಅನ್ನು. ಕೊಕೇನ್ ಎರಡು ರೂಪದಲ್ಲಿ ಸಿಗುತ್ತದೆ. ಒಂದು ಬಿಳಿ ಪುಡಿ. ಇನ್ನೊಂದು ಅದೇ ಪುಡಿಯಿಂದ ಮಾಡಿದ ಹರಳು, ಹೆಸರು ಕ್ರ್ಯಾಕ್. ಪುಡಿ ದುಬಾರಿ, ಉಳ್ಳವರ ಪಾರ್ಟಿಗಳಲ್ಲಿ ಓಡಾಡುತ್ತಿತ್ತು. ಕ್ರ್ಯಾಕ್ ಚೂರುಚೂರಾಗಿ, ಕೆಲವೇ ಡಾಲರಿಗೆ, ಬಡವರ ಬೀದಿ ಮೂಲೆಗಳಲ್ಲಿ ಮಾರಾಟವಾಗುತ್ತಿತ್ತು.

ಆ ವರ್ಷ ಜೂನ್‌ನಲ್ಲಿ ಲೆನ್ ಬಯಾಸ್ ಎಂಬ 22 ವರ್ಷದ ಬ್ಯಾಸ್ಕೆಟ್‌ಬಾಲ್ ಆಟಗಾರ ತೀರಿಕೊಂಡ. ಬಾಸ್ಟನ್ ತಂಡಕ್ಕೆ ಆಯ್ಕೆಯಾಗಿ ಎರಡೇ ದಿನವಾಗಿತ್ತು. ಅವನ ಜೀವ ತೆಗೆದದ್ದು ಪುಡಿ ಕೊಕೇನ್. ಆದರೆ ಕ್ರ್ಯಾಕ್ ಎಂದೇ ಸುದ್ದಿ ಹಬ್ಬಿತು. ನವೆಂಬರಿನಲ್ಲಿ ಚುನಾವಣೆ ಬೇರೆ. ಕಾನೂನು ತರಾತುರಿಯಲ್ಲಿ ತಯಾರಾಯಿತು, ಅಕ್ಟೋಬರಿನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದರು. ಕ್ರ್ಯಾಕ್‌ನಿಂದ ತಮ್ಮ ಕೇರಿಗಳು ಹಾಳಾಗುತ್ತಿವೆ ಎಂದು ಹಲವು ಕಪ್ಪು ಸಂಸದರೂ ಅದನ್ನು ಬೆಂಬಲಿಸಿದರು. ಇದನ್ನು ಮರೆಮಾಚುವುದು ಸರಿಯಲ್ಲ.

ಕಾನೂನು ಹೇಳಿದ್ದು ಇಷ್ಟು. ಐದು ಗ್ರಾಂ ಕ್ರ್ಯಾಕ್ ಮಾರಿದರೆ ಕನಿಷ್ಠ ಐದು ವರ್ಷ ಜೈಲು. ಪುಡಿ ಮಾರಿ ಅದೇ ಐದು ವರ್ಷ ಆಗಬೇಕಾದರೆ 500 ಗ್ರಾಂ ಬೇಕು. ಅಂದರೆ ಅರ್ಧ ಕಿಲೋ ಪುಡಿ ಸಾಗಿಸುವ ಸಗಟು ವ್ಯಾಪಾರಿಗೂ, ಅದರಿಂದಲೇ ಮಾಡಿದ ಒಂದು ಚಮಚ ಹರಳು ಮಾರುವ ಬೀದಿ ಹುಡುಗನಿಗೂ ಒಂದೇ ಶಿಕ್ಷೆ! ನ್ಯಾಯಾಧೀಶರಿಗೆ ಮನಸ್ಸು ಕರಗಿದರೂ ಕೈ ಕಟ್ಟಿತ್ತು. ಯಾವ ಆರೋಪ ಹೊರಿಸಬೇಕು ಎಂದು ಸರ್ಕಾರಿ ವಕೀಲರು ತೀರ್ಮಾನಿಸಿದಾಗಲೇ ಶಿಕ್ಷೆಯೂ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತಿತ್ತು.

ಕಾನೂನಿನಲ್ಲಿ ಕಪ್ಪು, ಬಿಳಿ ಎಂಬ ಪದ ಎಲ್ಲೂ ಇಲ್ಲ. ಆದರೆ 2006ರಲ್ಲಿ ಫೆಡರಲ್ ಕೋರ್ಟುಗಳಲ್ಲಿ ಕ್ರ್ಯಾಕ್ ಕೇಸಿನಲ್ಲಿ ಶಿಕ್ಷೆಯಾದ ನೂರು ಜನರಲ್ಲಿ ಸುಮಾರು 82 ಮಂದಿ ಕಪ್ಪು ಜನಾಂಗದವರು. ಬಿಳಿಯರು ಒಂಬತ್ತು. ಹಾಗಾದರೆ ಕ್ರ್ಯಾಕ್ ಸೇದುವವರೆಲ್ಲ ಕಪ್ಪು ಜನರೇ? ಅಲ್ಲ. ಸೇದುವವರಲ್ಲಿ ಬಿಳಿಯರೂ ಬಹಳ ಇದ್ದರು. ಬೀದಿಯಲ್ಲಿ ನಿಂತು ಮಾರುವವನು ಪೊಲೀಸರ ಕಣ್ಣಿಗೆ ಬೀಳುತ್ತಾನೆ. ಬಾಗಿಲು ಹಾಕಿದ ಮನೆಯೊಳಗೆ ಕೈ ಬದಲಾಯಿಸುವ ಪುಡಿ ಬೀಳುವುದಿಲ್ಲ.

1994ರಲ್ಲಿ ಸೇಂಟ್ ಲೂಯಿಸ್‌ನ ನ್ಯಾಯಾಧೀಶ ಕ್ಲೈಡ್ ಕೇಹಿಲ್ ಮುಂದೆ 18ನೇ ವಯಸ್ಸಿನಲ್ಲಿ ಸಿಕ್ಕಿಬಿದ್ದ ಒಬ್ಬ ಹುಡುಗನ ಕೇಸು ಇತ್ತು. ಕ್ರ್ಯಾಕ್ 50 ಗ್ರಾಂ ಮೀರಿದ್ದರಿಂದ ಕಾನೂನಿನ ಪ್ರಕಾರ ಕನಿಷ್ಠ ಹತ್ತು ವರ್ಷ. ಈ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂದು ಬರೆದ ಕೇಹಿಲ್, ನಾಲ್ಕು ವರ್ಷ ಕೊಟ್ಟರು. ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಸಂಸತ್ತು ಬೇಕೆಂದೇ ಕಪ್ಪು ಜನರಿಗೆ ತೊಂದರೆ ಕೊಡಲು ಹೀಗೆ ಮಾಡಿತು ಎಂಬುದಕ್ಕೆ ಪುರಾವೆ ಎಲ್ಲಿ ಎಂಬುದು ಅದರ ವಾದ. ಎಂಥ ವಾದ ನೋಡಿ. ಒಬ್ಬರು ನಿಮ್ಮ ಕಾಲು ತುಳಿಯುತ್ತಲೇ ಇದ್ದಾರೆ, ನೋವಾಗುತ್ತಿದೆ ಅಂದರೆ ಸಾಲದು. ಅವರ ಮನಸ್ಸಿನಲ್ಲಿ ಏನಿತ್ತು ಅಂತಲೂ ನೀವೇ ತೋರಿಸಬೇಕು.

ಮರುವರ್ಷ, ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ ಎಂದು ಸೂಚಿಸುವ ಸರ್ಕಾರಿ ಆಯೋಗವೇ ಎರಡಕ್ಕೂ ಒಂದೇ ಅಳತೆ ಇರಲಿ ಎಂದಿತು. ಸಂಸತ್ತು ಒಪ್ಪಲಿಲ್ಲ, ಅಧ್ಯಕ್ಷ ಕ್ಲಿಂಟನ್ ಕೂಡ ಸಂಸತ್ತಿನ ಕಡೆಗೇ ನಿಂತರು. ಕೊನೆಗೆ 2010ರಲ್ಲಿ ಒಬಾಮ ಸಹಿಯಿಂದ ಐದು ಗ್ರಾಂ ಇದ್ದದ್ದು 28 ಗ್ರಾಂ ಆಯಿತು. ಒಂದಕ್ಕೆ ನೂರು ಇದ್ದ ಲೆಕ್ಕ ಒಂದಕ್ಕೆ ಹದಿನೆಂಟಕ್ಕೆ ಇಳಿಯಿತು. ಹದಿನೆಂಟೇ ಯಾಕೆ ಅಂತೀರಾ? ವಿಜ್ಞಾನ ಏನೂ ಇಲ್ಲ, ಎರಡು ಪಕ್ಷಗಳ ಚೌಕಾಸಿ. ಹಳೆಯ ಕೈದಿಗಳಿಗೂ ಅದರ ಲಾಭ ಸಿಗಲು 2018ರ ಇನ್ನೊಂದು ಕಾನೂನೇ ಬರಬೇಕಾಯಿತು.

ಅದನ್ನು ನಂಬಿ ಫ್ಲೋರಿಡಾದ ಒಬ್ಬ ಕೈದಿ ಅರ್ಜಿ ಹಾಕಿದ. ಅವನ ಬಳಿ ಸಿಕ್ಕಿದ್ದು 3.9 ಗ್ರಾಂ. ಹಳೆಯ ಅಪರಾಧಗಳೂ ಸೇರಿ ಅವನಿಗೆ ಹದಿನೈದು ವರ್ಷಕ್ಕೂ ಜಾಸ್ತಿ ಶಿಕ್ಷೆಯಾಗಿತ್ತು. 2021ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಇಲ್ಲ ಎಂದಿತು. ಬದಲಾದದ್ದು ಐದು ಗ್ರಾಂ ಮತ್ತು 50 ಗ್ರಾಂನ ಗೆರೆಗಳು. ಅವನ ಕೇಸು ಆ ಗೆರೆಗಳಿಗಿಂತ ಕೆಳಗಿನದು, ಹಾಗಾಗಿ ಅವನ ಮಟ್ಟಿಗೆ ಏನೂ ಬದಲಾಗಿಲ್ಲವಂತೆ. ದೊಡ್ಡ ಪ್ರಮಾಣದ ಕ್ರ್ಯಾಕ್ ಜೊತೆ ಸಿಕ್ಕಿಬಿದ್ದವರು ಶಿಕ್ಷೆ ಕಡಿಮೆ ಮಾಡಿ ಎಂದು ಕೇಳಬಹುದಿತ್ತು. ಚಮಚವೂ ಸರಿಯಾಗಿ ತುಂಬದಷ್ಟು ಇಟ್ಟುಕೊಂಡಿದ್ದ ಈತನಿಗೆ ಕೇಳುವ ಹಕ್ಕೂ ಸಿಗಲಿಲ್ಲ.

ನಮಸ್ಕಾರ.