56 ಕಾಳು, 14 ಮನೆ: ನಮ್ಮ ಭಾನುವಾರದ ಕನ್ನಡ

ನಮಸ್ಕಾರ. ನೀವೀಗ ಕೇಳುತ್ತಿರುವ ಈ ಟಕಟಕ ಸದ್ದು ಮಾಟುಂಗದ ನಮ್ಮ ಮನೆಯ ನೆಲದ ಮೇಲಿರುವ ಚೆನ್ನೆಮಣೆಯದು. ಮಣೆಯಲ್ಲಿ ಕೊರೆದ ಗುಳಿಗಳನ್ನು ಮನೆ ಎನ್ನುತ್ತೇವೆ; ಸಾಲಿಗೆ 7ರಂತೆ ಎರಡು ಸಾಲು, ಒಟ್ಟು 14 ಮನೆ. ಮನೆಗೆ 4ರಂತೆ 56 ಕಾಳು, ಮಂಜೊಟ್ಟಿ ಮರದ ಕೆಂಪು ಬೀಜಗಳು. ನಮ್ಮ ಅತ್ತೆಯವರು ಮದುವೆಯಾಗಿ ಉಡುಪಿಯ ಕಡೆಯಿಂದ ಮುಂಬಯಿಗೆ ಬರುವಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟು ತಂದ ಮಣೆ ಇದು. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ಮತ್ತು ಪಕ್ಕದ ಓಣಿಯ ಒಂಬತ್ತು ಮಕ್ಕಳು ಇದರ ಸುತ್ತ ಕುಳಿತು ಕನ್ನಡ ಕಲಿಯುತ್ತಾರೆ. ಅವರ ತಂದೆತಾಯಿಯರ ಇಷ್ಟದಂತೆ ಮುಖಗಳನ್ನು ತೋರಿಸುತ್ತಿಲ್ಲ. ಇಂದಿನ ವ್ಲಾಗಿನ ಉದ್ದಕ್ಕೂ ನೀವು ಅವರ ಕೈಗಳನ್ನು ಮಾತ್ರ ನೋಡುತ್ತೀರಿ.

ಈ ಮಕ್ಕಳಿಗೆ ಕನ್ನಡ ಹೊಸ ಭಾಷೆ ಎಂದರೆ ಊರಿನಲ್ಲಿರುವ ನಮ್ಮ ಹಿರಿಯರಿಗೆ ನೋವಾಗಬಹುದು; ಆದರೆ ಇರುವುದನ್ನು ಇರುವ ಹಾಗೆ ಒಪ್ಪಿಕೊಂಡ ಮೇಲೆಯೇ ನನಗೆ ಕಲಿಸುವ ದಾರಿ ಕಾಣಿಸಿತು. ನಮ್ಮ ಮನೆಮಾತು ತುಳು. ಮಾವನವರು ಹಗಲಿನಲ್ಲಿ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಅವರ ಪೀಳಿಗೆಗೆ ಅಕ್ಷರವೆಂದರೆ ಕನ್ನಡವೇ ಆಗಿತ್ತು. ನನ್ನ ಮಗಳಿಗೆ ಹಾಗಲ್ಲ. ಅವಳಿಗೆ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಕೆಳಗಿನ ಅಂಗಳದಲ್ಲಿ ಹಿಂದಿ, ಅಜ್ಜಿಯ ಹತ್ತಿರ ಅರೆಬರೆ ತುಳು. 2020ರ ಕಾಯ್ದೆಯ ನಂತರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ, ಅದು ಆಗಬೇಕಾದದ್ದೇ. ನಾವು ಬದುಕುತ್ತಿರುವ ನೆಲದ ಮಾತನ್ನು ಮಕ್ಕಳು ಚೆನ್ನಾಗಿ ಕಲಿಯಲಿ. ಬೃಹನ್ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದೆಯಾದರೂ ನಮ್ಮ ಒಂಬತ್ತು ಮಕ್ಕಳಲ್ಲಿ ಒಬ್ಬರೂ ಕನ್ನಡ ಮಾಧ್ಯಮದವರಲ್ಲ. ಹೀಗಿರುವಾಗ ಕನ್ನಡಕ್ಕೆ ಉಳಿಯುವುದು ವಾರಕ್ಕೆ ಒಂದೂವರೆ ಗಂಟೆ, ಅದೂ ರಜೆಯ ದಿನ. ಆ ಹೊತ್ತಿನಲ್ಲಿ ಮತ್ತೊಂದು ತರಗತಿಯನ್ನು ಅವರ ಮೇಲೆ ಹೇರಲು ನನಗೆ ಮನಸ್ಸು ಬರಲಿಲ್ಲ.

ಚೆನ್ನೆಮಣೆಯನ್ನು ನಾವು ಆಡುವ ಕ್ರಮ ಹೀಗಿದೆ. ತನ್ನ ಸಾಲಿನ ಒಂದು ಮನೆಯ ಕಾಳುಗಳನ್ನೆಲ್ಲ ಎತ್ತಿ, ಮುಂದಿನ ಮನೆಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಮನೆಯದನ್ನು ಎತ್ತಿ ಮುಂದುವರಿಯಬೇಕು. ಮುಂದಿನ ಮನೆ ಖಾಲಿಯಾಗಿದ್ದರೆ ಅದರಾಚೆಯ ಮನೆಯಲ್ಲಿರುವುದು ಆಡುವವರ ಪಾಲಿಗೆ ಬರುತ್ತದೆ. ಇದಕ್ಕೆ ನಾನು ಸೇರಿಸಿದ್ದು ಒಂದೇ ನಿಯಮ: ಕೈ ಹಾಕುವ ಮೊದಲು ಏನು ಮಾಡುತ್ತೇನೆಂಬುದನ್ನು ಕನ್ನಡದಲ್ಲಿ ಹೇಳಬೇಕು. "ಮೂರನೆಯ ಮನೆಯಿಂದ ಐದು ಕಾಳು ಎತ್ತುತ್ತೇನೆ." ಈ ಪುಟ್ಟ ವಾಕ್ಯದೊಳಗೆ ಎಷ್ಟು ವ್ಯಾಕರಣ ಅಡಗಿದೆ ನೋಡಿ. "ಮೂರು" "ಮೂರನೆಯ" ಆಗುವುದು, "ಮನೆ"ಗೆ "ಇಂದ" ಅಂಟಿಕೊಳ್ಳುವುದು, "ಎತ್ತು" ಎಂಬ ಕ್ರಿಯಾಪದ "ನಾನು" ಎಂಬವನನ್ನು ತನ್ನ ಬಾಲದಲ್ಲಿ ಹೊತ್ತು ನಿಲ್ಲುವುದು. ಹಲಗೆಯ ಮೇಲೆ ಬರೆದು ವಿವರಿಸಿದರೆ ಆಕಳಿಸುವ ಮಗು ಇದನ್ನೇ ಒಂದು ಆಟದಲ್ಲಿ ಇಪ್ಪತ್ತು ಸಲ ಬೇಸರವಿಲ್ಲದೆ ಹೇಳುತ್ತದೆ, ಏಕೆಂದರೆ ಅದಕ್ಕೆ ಬೇಕಾಗಿರುವುದು ವಾಕ್ಯವಲ್ಲ, ಎದುರಿನವರ ಕಾಳು. ಭಾಷೆ ಕಲಿಸುವ ಆಟವೆಂದರೆ ಇದೇ ಎಂದು ನಾನು ನಂಬಿದ್ದೇನೆ: ಮಾತು ಆಡದೆ ಆಟ ಮುಂದೆ ಸಾಗಬಾರದು. ಚಿತ್ರ ತೋರಿಸಿ ಹೆಸರು ಕೇಳಿ ಅಂಕ ಕೊಡುವುದಕ್ಕೆ ಎಷ್ಟೇ ಬಣ್ಣ ಬಳಿದರೂ ಅದು ಪರೀಕ್ಷೆಯೇ. ಮಕ್ಕಳಿಗೆ ಅದು ತಕ್ಷಣ ತಿಳಿಯುತ್ತದೆ.

ಈ ಮಾತನ್ನು ನಾನು ತಪ್ಪು ಮಾಡಿಯೇ ಕಲಿತೆ. ಆರಂಭದಲ್ಲಿ ವಾಕ್ಯ ಸರಿಯಾಗಿ ಬಾರದಿದ್ದರೆ ಸರದಿ ತಪ್ಪುತ್ತದೆ ಎಂದೂ, ಸರಿ ಹೇಳಿದವರ ಹೆಸರಿನ ಮುಂದೆ ನಕ್ಷತ್ರ ಅಂಟಿಸುವುದೆಂದೂ ಗೊತ್ತುಮಾಡಿದ್ದೆ. ಎರಡು ವಾರ ಚೆನ್ನಾಗಿಯೇ ನಡೆಯಿತು. ಮೂರನೆಯ ವಾರ, ತಂದೆ ಧಾರವಾಡದವರು ತಾಯಿ ಮರಾಠಿಯವರು ಆಗಿರುವ ಮನೆಯ ಒಬ್ಬ ಹುಡುಗ ಬರಲಿಲ್ಲ. ನಾಲ್ಕನೆಯ ವಾರವೂ ಬರಲಿಲ್ಲ. ವಿಚಾರಿಸಿದಾಗ ಅವನ ತಾಯಿ, "ಅವನಿಗೆ ಒಂದೂ ನಕ್ಷತ್ರ ಸಿಗಲಿಲ್ಲವಂತೆ ಅಕ್ಕಾ" ಎಂದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರ ನಕ್ಷತ್ರಗಳ ಹಾಳೆಯನ್ನು ತೆಗೆದು, ನಿಯಮವನ್ನು ಹೀಗೆ ಬದಲಾಯಿಸಿದೆ: ಮಾತು ತೋಚದಿದ್ದರೆ ಎದುರಾಳಿಯನ್ನೇ ಕೇಳಬಹುದು, ಎದುರಾಳಿ ಹೇಳಿಕೊಡಲೇಬೇಕು. ಆ ಹುಡುಗ ಮರಳಿ ಬಂದ. ಈಗ ಅವನು ಆಟದ ನಡುವೆ ಅತಿ ಹೆಚ್ಚು ಬಳಸುವ ವಾಕ್ಯ "ಇದಕ್ಕೆ ಏನು ಹೇಳ್ತಾರೆ?" ಎಂಬುದು, ಹೊಸ ಭಾಷೆಯಲ್ಲಿ ಇದಕ್ಕಿಂತ ಉಪಯುಕ್ತವಾದ ವಾಕ್ಯ ಇನ್ನೊಂದಿದೆಯೆಂದು ನನಗೆ ಅನಿಸುವುದಿಲ್ಲ.

ಇನ್ನೊಂದು ಆಟ ನಮ್ಮ ಅತ್ತೆಯವರದು. ಅವರು ತುಳುವಿನಲ್ಲಿ ಒಂದು ಪದ ಹೇಳುತ್ತಾರೆ, ಮಕ್ಕಳು ಅದರ ಕನ್ನಡವನ್ನು ಊಹಿಸಬೇಕು. "ಪಿಲಿ" ಎಂದರೆ "ಹುಲಿ", "ಪಕ್ಕಿ" ಎಂದರೆ "ಹಕ್ಕಿ", "ಪೂ" ಎಂದರೆ "ಹೂ", "ಪತ್ತ್" ಎಂದರೆ "ಹತ್ತು". ನಾಲ್ಕೈದು ಪದಗಳಾಗುವಷ್ಟರಲ್ಲಿ ಮಕ್ಕಳು ತಾವಾಗಿಯೇ ಗುಟ್ಟು ಕಂಡುಹಿಡಿದರು: ತುಳುವಿನ ಪಕಾರ ಕನ್ನಡದಲ್ಲಿ ಹಕಾರವಾಗುತ್ತದೆ. ಹಳಗನ್ನಡದಲ್ಲಿಯೂ ಪುಲಿ, ಪತ್ತು ಎಂದೇ ಇತ್ತು, ಹೊಸಗನ್ನಡಕ್ಕೆ ಬರುವಾಗ ಪಕಾರ ಹಕಾರವಾಯಿತು ಎಂದು ನಾನು ಹೇಳಿದಾಗ, ಅಜ್ಜಿಯ ಬಾಯಲ್ಲಿ ಅಷ್ಟು ಹಳೆಯ ಸದ್ದು ಇನ್ನೂ ಇದೆಯೇ ಎಂದು ಮಗಳು ಅಜ್ಜಿಯ ಮುಖವನ್ನೇ ನೋಡುತ್ತ ಕುಳಿತಳು. ಅಷ್ಟರಲ್ಲಿ ಅತ್ತೆಯವರು "ಪೇರ್" ಎಂದರು. "ಹೇರು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಪೇರ್ ಎಂದರೆ ಹಾಲು. ಕನ್ನಡದಲ್ಲಿ ಹೇರು ಎಂದರೆ ಹೊರೆ. ಅತ್ತೆಯವರು ಒಳಗೆ ಹೋಗಿ ಹಾಲಿನ ಪಾತ್ರೆಯನ್ನೇ ತಂದು ಮುಂದಿಟ್ಟರು. ಊಹೆ ತಪ್ಪಿಸಿದ ಆ ಒಂದು ಪದ, ಊಹೆಗೆ ಸಿಕ್ಕಿದ ಎಲ್ಲ ಪದಗಳಿಗಿಂತ ಗಟ್ಟಿಯಾಗಿ ಅವರ ನೆನಪಿನಲ್ಲಿ ಕುಳಿತಿದೆ.

ಈಗ ತೆರೆಯ ಮೇಲೆ ಕಾಣುತ್ತಿರುವ ನೀಲಿ ಹೊದಿಕೆ ಕೆರೆ, ಅದರ ಪಕ್ಕದ ಹಗ್ಗ ಕೇರೆ ಹಾವು. ಮರಾಠಿ ಮತ್ತು ಹಿಂದಿಯ ಬರವಣಿಗೆಯಲ್ಲಿ ಹ್ರಸ್ವ ಎಕಾರಕ್ಕೂ ದೀರ್ಘ ಏಕಾರಕ್ಕೂ, ಒಕಾರಕ್ಕೂ ಓಕಾರಕ್ಕೂ ಬೇರೆ ಬೇರೆ ಅಕ್ಷರಗಳಿಲ್ಲ; ಆದ್ದರಿಂದ ಆ ಭಾಷೆಗಳಲ್ಲಿ ಬೆಳೆದ ಕಿವಿಗೆ ಬೆಳೆ ಮತ್ತು ಬೇಳೆ, ಒಲೆ ಮತ್ತು ಓಲೆ ಒಂದೇ ಎಂಬಂತೆ ಕೇಳಿಸುತ್ತವೆ. "ಕೆರೆ" ಎಂದರೆ ನೀಲಿಯೊಳಗೆ ಧುಮುಕಬೇಕು, "ಕೇರೆ" ಎಂದರೆ ಹಗ್ಗವನ್ನು ಹಾರಿ ಓಡಬೇಕು. ಕೇಳಿಸಿಕೊಂಡು ಮೈಯಿಂದ ಉತ್ತರಿಸುವ ಈ ಬಗೆಯನ್ನು 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಒಂದು ಬೋಧನಾಕ್ರಮವಾಗಿಯೇ ರೂಪಿಸಿದರು. ಕೂಸು ಮಾತನಾಡುವುದಕ್ಕೆ ಬಹಳ ಮೊದಲೇ "ಬಾ", "ಕೊಡು" ಎಂಬ ಮಾತುಗಳಿಗೆ ಮೈಯಿಂದ ಉತ್ತರ ಕೊಡುತ್ತದೆ ಎಂಬುದು ಅದರ ಆಧಾರ. ಮಾತನಾಡಲು ಇನ್ನೂ ಸಂಕೋಚಪಡುವ ಮಗುವಿಗೆ ಇದರಿಂದ ಬಹಳ ನೆಮ್ಮದಿ, ಏಕೆಂದರೆ ಬಾಯಿ ತೆರೆಯದೆಯೂ ಅದು ಆಟದೊಳಗೇ ಇರುತ್ತದೆ.

ಮೊಬೈಲಿನ ಕಲಿಕೆಯ ಆಟಗಳ ಬಗ್ಗೆ ಹಲವರು ಕೇಳಿದ್ದೀರಿ. ಅಕ್ಷರಗಳ ಆಕಾರವನ್ನು ಬೆರಳಿನಿಂದ ತಿದ್ದಲು ಅವುಗಳಿಂದ ಪ್ರಯೋಜನವಿದೆ, ನಾವೂ ಬಳಸುತ್ತೇವೆ. ಆದರೆ "ನೀನು ಎರಡು ಸಲ ಎತ್ತಿದೆ" ಎಂದು ಮಗು ಜಗಳವಾಡಬೇಕಾದರೆ ಎದುರಿಗೆ ಇನ್ನೊಂದು ಮಗು ಇರಬೇಕು.

ಕಳೆದ ಭಾನುವಾರ ಆಟ ಮುಗಿಸಿ ಎಣಿಸಿದಾಗ 55 ಕಾಳುಗಳಷ್ಟೇ ಇದ್ದವು. ಹುಡುಕುವ ಕೆಲಸವನ್ನು ಆ ಧಾರವಾಡದ ಮನೆಯ ಹುಡುಗನಿಗೆ ವಹಿಸಿದೆವು. ಉಳಿದವರು ಕುಳಿತಲ್ಲಿಂದ ಏಳದೆ, ಬೆರಳು ತೋರಿಸದೆ, ಕನ್ನಡದಲ್ಲಿಯೇ ದಾರಿ ಹೇಳಬೇಕಿತ್ತು. ಮಂಚದ ಕೆಳಗೆ, ಕಪಾಟಿನ ಹಿಂದೆ, ಚಾಪೆಯ ಮಡಿಕೆಯೊಳಗೆ, ಇನ್ನೂ ಸ್ವಲ್ಪ ಎಡಕ್ಕೆ, ಅಲ್ಲಲ್ಲ, ಬಾಗಿಲಿನ ಪಕ್ಕದಲ್ಲಿ. ಮುಕ್ಕಾಲು ಗಂಟೆ ಹುಡುಕಿದರೂ ಕಾಳು ಸಿಗಲಿಲ್ಲ. ಅತ್ತೆಯವರು ಅಡುಗೆಮನೆಯಿಂದ ಒಂದು ಹುಣಸೆಬೀಜ ತಂದು ಏಳನೆಯ ಮನೆಯೊಳಗೆ ಇಟ್ಟಿದ್ದಾರೆ. ಕೆಂಪು ಕಾಳುಗಳ ನಡುವೆ ಅದು ಕಪ್ಪಗೆ ಹೊಳೆಯುತ್ತಿರುವುದನ್ನು ನೀವೀಗ ನೋಡುತ್ತಿದ್ದೀರಿ.